ಬಾರದ ಹಲ್ಲು ಯಾರ ತಪ್ಪು?

ಹಾಲುಹಲ್ಲು ಬಿದ್ದರೆ ಅದನ್ನು ಮನೆಯ ಮಾಡಿಗೆ ಎಸೆಯುವ ರೂಢಿ ನಮ್ಮ ಕಡೆ ಇದೆ. ಹಂಚಿನ ಮನೆಗಳು ಹೋಗಿ ತಾರಸಿ ಮನೆಗಳು ಬಂದ ಮೇಲೂ ಅದು ಪೂರ್ತಿ ಹೋಗಿಲ್ಲ. ಎಸೆದ ಹಲ್ಲಿನ ಬದಲಿಗೆ ಹೊಸ ಹಲ್ಲು ಬರುತ್ತದೆ ಎಂಬ ನಂಬಿಕೆ. ಬಹುಪಾಲು ಮಕ್ಕಳಿಗೆ ಬರುತ್ತದೆ ಕೂಡ. ಆದರೆ ಎಲ್ಲರಿಗೂ ಎಲ್ಲ ಹಲ್ಲೂ ಬರುವುದಿಲ್ಲ ಎಂಬ ಸಂಗತಿ ನಮ್ಮಲ್ಲಿ ಎಷ್ಟೋ ಮಂದಿಗೆ ತಿಳಿದಿಲ್ಲ. ತಿಳಿಯದ್ದರಿಂದ ಆಗುವ ನೋವು ಕೆಲವೊಮ್ಮೆ ಹಲ್ಲಿನ ತೊಂದರೆಗಿಂತಲೂ ದೊಡ್ಡದಾಗಿರುತ್ತದೆ. ಬಾರದ ಹಲ್ಲಿಗೆ ಯಾರನ್ನಾದರೂ ಹೊಣೆ ಮಾಡಬೇಕೆಂಬ ಹಠ ನಮ್ಮ ಮನೆಗಳಲ್ಲಿದೆ. ಆ ಹೊಣೆ ಸಾಮಾನ್ಯವಾಗಿ ತಾಯಿಯ ತಲೆಯ ಮೇಲೆಯೇ ಬೀಳುತ್ತದೆ.

ಇದನ್ನು ನಾವು ಗಂಡ ಹೆಂಡತಿ ಇಬ್ಬರೂ ಕೂಡಿ ಬರೆಯುತ್ತಿದ್ದೇವೆ. ನಮ್ಮಲ್ಲೊಬ್ಬರು ಕಾಸರಗೋಡು ತಾಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಪಾಠ ಹೇಳುವವರು, ಇನ್ನೊಬ್ಬರು ಮನೆ ಮತ್ತು ಅಡಿಕೆ ತೋಟ ನೋಡಿಕೊಳ್ಳುವವರು. ಇಬ್ಬರೂ ವೈದ್ಯರಲ್ಲ. ನಮ್ಮ ಮಗಳಿಗೆ ಮೇಲಿನ ಸಾಲಿನಲ್ಲಿ, ನಡುವಿನ ಎರಡು ದೊಡ್ಡ ಬಾಚಿಹಲ್ಲುಗಳ ಆಚೆಗೊಂದು ಈಚೆಗೊಂದು ಇರಬೇಕಾದ ಪಕ್ಕದ ಬಾಚಿಹಲ್ಲುಗಳು ಹುಟ್ಟಲೇ ಇಲ್ಲ. ಅವಳಿಗೆ ಎಂಟು ವರ್ಷವಾಗಿದ್ದಾಗ ಶುರುವಾದ ವಿಚಾರಣೆ ಇದು, ಈಗ ಅವಳಿಗೆ ಹದಿನಾರು. ಈ ಎಂಟು ವರ್ಷಗಳಲ್ಲಿ ಕಲಿತದ್ದನ್ನು ಇತರ ಕುಟುಂಬಗಳ ಜೊತೆ ಹಂಚಿಕೊಳ್ಳೋಣವೆನಿಸಿತು.

ಮೊದಲು ಸಿಕ್ಕಿದ ಉತ್ತರ "ಬರುತ್ತದೆ, ಕಾಯಿರಿ" ಎಂಬುದು. ಕಾದೆವು. ಬರಲಿಲ್ಲ. ಅಷ್ಟರಲ್ಲಿ ನೆಂಟರಿಷ್ಟರು ತಮ್ಮ ತಮ್ಮ ಕಾರಣಗಳನ್ನು ಹುಡುಕಿ ಕೊಟ್ಟರು. ಬಸುರಿಯಾಗಿದ್ದಾಗ ಗ್ರಹಣದ ದಿನ ತಾಯಿ ಕತ್ತಿ ಹಿಡಿದಿದ್ದಳಂತೆ. ಹಾಲು ಸರಿಯಾಗಿ ಕುಡಿಯಲಿಲ್ಲವಂತೆ. ಆಸ್ಪತ್ರೆಯವರು ಕೊಟ್ಟ ಸುಣ್ಣದ ಮಾತ್ರೆಯನ್ನು ಮರೆತಳಂತೆ. ಹಿರಿಯರೊಬ್ಬರು "ನಮ್ಮ ಸಂತಾನದಲ್ಲಿ ಇಂಥದ್ದು ಇಲ್ಲವೇ ಇಲ್ಲ" ಎಂದು ತೀರ್ಪು ಕೊಟ್ಟೇಬಿಟ್ಟರು. ಆ ಮಾತಿನ ಅರ್ಥ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯಾಗಿ ಬೇರೆ ಮನೆಗೆ ಬಂದ ಯಾವ ಹೆಣ್ಣಿಗೂ ಅದು ತಿಳಿಯುತ್ತದೆ. ಶಾಲೆಯಲ್ಲಿ ಮಕ್ಕಳು ಮಗಳಿಗೆ 'ಗೇಟು' ಎಂದು ಹೆಸರಿಟ್ಟರು. ಪ್ರಥಮ ಪರಮಪ್ರಸಾದದ ದಿನ ತೆಗೆಸಿದ ಫೋಟೋದಲ್ಲಿ ಉಳಿದ ಮಕ್ಕಳೆಲ್ಲ ನಗುತ್ತಿದ್ದಾರೆ, ನಮ್ಮವಳು ಮಾತ್ರ ತುಟಿ ಬಿಗಿದು ನಿಂತಿದ್ದಾಳೆ.

ಕೊನೆಗೆ ಮಂಗಳೂರಿಗೆ ಹೋದೆವು. ನಮ್ಮ ಗಡಿನಾಡಿನವರಿಗೆ ಕಾಯಿಲೆ ಎಂದರೆ ಮಂಗಳೂರೇ ತಾನೆ. ಅಲ್ಲಿಯ ದಂತವೈದ್ಯರು ಎರಡೂ ದವಡೆಗಳು ಒಂದೇ ಚಿತ್ರದಲ್ಲಿ ಕಾಣುವಂಥ ದೊಡ್ಡ ಎಕ್ಸ್‌ರೇ ತೆಗೆಸಿದರು. ಅದಕ್ಕೆ ಓಪಿಜಿ ಎನ್ನುತ್ತಾರೆ. ಹುಟ್ಟಬೇಕಾದ ಹಲ್ಲುಗಳು ಅದರಲ್ಲಿ ಒಸಡಿನೊಳಗೆ ಮೊಗ್ಗುಗಳಂತೆ ಸಾಲಾಗಿ ಕಾಣುತ್ತವೆ. ಮಗಳ ಚಿತ್ರದಲ್ಲಿ ಆ ಎರಡು ಜಾಗಗಳಲ್ಲಿ ಮೊಗ್ಗೇ ಇರಲಿಲ್ಲ. ಹಲ್ಲು ಎಲ್ಲೋ ಸಿಕ್ಕಿಹಾಕಿಕೊಂಡದ್ದಲ್ಲ, ತಡವಾದದ್ದೂ ಅಲ್ಲ, ರೂಪುಗೊಂಡೇ ಇರಲಿಲ್ಲ. ವೈದ್ಯರು ಚಿತ್ರವನ್ನು ಬೆಳಕಿಗೆ ಹಿಡಿದು ಕೇಳಿದ ಮೊದಲ ಪ್ರಶ್ನೆ ಗ್ರಹಣದ್ದಲ್ಲ. "ನಿಮ್ಮ ಎರಡೂ ಮನೆಗಳಲ್ಲಿ ಬೇರೆ ಯಾರಿಗಾದರೂ ಹಲ್ಲು ಕಡಿಮೆ ಇದೆಯೇ? ತೀರಾ ಸಣ್ಣ ಹಲ್ಲಿನವರು ಇದ್ದಾರೆಯೇ?" ಎಂದು ಕೇಳಿದರು.

ಆಗ ನೆನಪಾದದ್ದು ಮಗಳ ಸೋದರತ್ತೆ. ಆಕೆಗೆ ಒಂದು ಬದಿಯ ಬಾಚಿಹಲ್ಲು ಅಕ್ಕಿಕಾಳಿನಂತೆ ಚೂಪಾಗಿ, ಪುಟ್ಟದಾಗಿ ಇದೆ. ಹಿಂದೊಮ್ಮೆ ಆಕೆಯನ್ನು ನೋಡಲು ಬಂದ ಗಂಡಿನ ಕಡೆಯವರು ಆ ಹಲ್ಲನ್ನು ಕಂಡು ಏನೋ ನೆಪ ಹೇಳಿ ಹಿಂದೆ ಸರಿದಿದ್ದರು. ಇಂಥ ಮೊನಚು ಹಲ್ಲು, ಬಾರದ ಹಲ್ಲು ಎರಡೂ ಒಂದೇ ಬಳ್ಳಿಯ ಕಾಯಿಗಳು, ಒಂದೇ ಮನೆತನದಲ್ಲಿ ಒಬ್ಬರಿಗೆ ಅದು, ಇನ್ನೊಬ್ಬರಿಗೆ ಇದು ಬರುವುದು ಸಾಮಾನ್ಯವೆಂದು ವೈದ್ಯರು ವಿವರಿಸಿದರು. ಬಳಿಕ ಅಪ್ಪನ ಬಾಯಿಯನ್ನೂ ತೆರೆಸಿ ನೋಡಿದರು, ಎಕ್ಸ್‌ರೇ ತೆಗೆಸಿದರು. ಕೆಳದವಡೆಯ ಎಡಬದಿಯಲ್ಲಿ ಹತ್ತು ಹನ್ನೆರಡರ ವಯಸ್ಸಿಗೆ ಬಿದ್ದುಹೋಗಬೇಕಾಗಿದ್ದ ಹಾಲುಹಲ್ಲು ನಲವತ್ತೊಂದನೆಯ ವಯಸ್ಸಿನಲ್ಲೂ ಗಟ್ಟಿಯಾಗಿ ಕೂತಿತ್ತು! ಅದನ್ನು ಕೆಳಗಿನಿಂದ ತಳ್ಳಲು ಬರಬೇಕಾದ ಶಾಶ್ವತ ಹಲ್ಲು ಇರಲೇ ಇಲ್ಲ. ಅಷ್ಟೂ ವರ್ಷ ಅದರಲ್ಲೇ ಚಕ್ಕುಲಿ, ಕಬ್ಬು ಎಲ್ಲ ಅಗಿದಾಗಿತ್ತು. ಮನೆಗೆ ಬಂದು ಈ ಸುದ್ದಿ ಹೇಳಿದಾಗ 'ನಮ್ಮ ಸಂತಾನದಲ್ಲಿ ಇಲ್ಲ' ಎಂದಿದ್ದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಫಿ ಆರುತ್ತದೆ ಕುಡಿಯಿರಿ ಎಂದರು.

ಅಂದಿನಿಂದ ಸಿಕ್ಕಿದವರನ್ನೆಲ್ಲ ಕೇಳುತ್ತಾ, ಓದುತ್ತಾ ಬಂದೆವು. ಹಾಲುಹಲ್ಲು 20, ಶಾಶ್ವತ ಹಲ್ಲು 32 ಎಂದು ಶಾಲೆಯಲ್ಲಿ ನಾವೆಲ್ಲ ಕಲಿತಿದ್ದೇವೆ. ಆದರೆ ಬುದ್ಧಿಹಲ್ಲುಗಳಲ್ಲಿ ಒಂದಾದರೂ ಹುಟ್ಟದೇ ಇರುವವರು 100ರಲ್ಲಿ 20ಕ್ಕಿಂತ ಹೆಚ್ಚು. ಅದನ್ನು ಬದಿಗಿಟ್ಟು ಲೆಕ್ಕ ಹಾಕಿದರೂ 100 ಮಂದಿಯಲ್ಲಿ ಸುಮಾರು 6 ಮಂದಿಗೆ ಒಂದೋ ಎರಡೋ ಶಾಶ್ವತ ಹಲ್ಲು ಹುಟ್ಟುವುದಿಲ್ಲ. ಹೆಣ್ಣುಮಕ್ಕಳಲ್ಲಿ ಇದು ತುಸು ಹೆಚ್ಚು. ಅಂದರೆ ನಮ್ಮ ಇಗರ್ಜಿಯಲ್ಲಿ ಭಾನುವಾರ ಇನ್ನೂರು ಜನ ಸೇರಿದರೆ ಅವರಲ್ಲಿ ಹತ್ತು ಹನ್ನೆರಡು ಮಂದಿ ಹೀಗಿರಬಹುದು. ಅತಿ ಹೆಚ್ಚಾಗಿ ಕಾಣೆಯಾಗುವುದು ಕೆಳದವಡೆಯ ಎರಡನೇ ಕಿರುದವಡೆ ಹಲ್ಲು, ಅಂದರೆ ಅಪ್ಪನಿಗೆ ಇಲ್ಲದ್ದು. ಅದರ ನಂತರದ್ದು ಮೇಲಿನ ಪಕ್ಕದ ಬಾಚಿಹಲ್ಲು, ಮಗಳಿಗೆ ಇಲ್ಲದ್ದು. ಆರು ಅಥವಾ ಹೆಚ್ಚು ಹಲ್ಲು ಇಲ್ಲದಿರುವುದು ಅಪರೂಪ, ಒಂದೂ ಇಲ್ಲದಿರುವುದು ಬಹಳ ಬಹಳ ಅಪರೂಪ.

ಕಾರಣ? ಗರ್ಭದಲ್ಲಿ ಮಗು ಆರು ವಾರದ್ದಾಗಿರುವಾಗಲೇ ಹಲ್ಲಿನ ಕೆಲಸ ಆರಂಭವಾಗುತ್ತದೆ. ಆಗ ತಾಯಿಗೆ ತಾನು ಬಸುರಿಯೆಂಬುದು ಗಟ್ಟಿಯಾಗಿ ಗೊತ್ತಾಗಿರುತ್ತದೋ ಇಲ್ಲವೋ. ಒಸಡಿನ ಮೇಲ್ಪದರ ಒಂದು ಕಡೆ ದಪ್ಪವಾಗಿ ಕೆಳಗಿನ ಪದರಕ್ಕೆ ರಾಸಾಯನಿಕ ಸಂದೇಶ ಕಳುಹಿಸುತ್ತದೆ. ಕೆಳಗಿನ ಪದರ ಮರುಸಂದೇಶ ಕಳುಹಿಸುತ್ತದೆ. ಮೇಲೆ ಕೆಳಗೆ ಹೀಗೆ ಮಾತುಕತೆ ಸರಿಯಾಗಿ ನಡೆದರೆ ಮೊಗ್ಗು ಬೆಳೆದು ಬಟ್ಟಲಾಗಿ, ಗಂಟೆಯ ಆಕಾರಕ್ಕೆ ಬಂದು ಹಲ್ಲಾಗುತ್ತದೆ. ನಡುವೆ ಸಂದೇಶ ತಪ್ಪಿದರೆ ಅಲ್ಲಿಗೇ ನಿಲ್ಲುತ್ತದೆ. ಈ ಸಂದೇಶಗಳನ್ನು ಬರೆಯುವವು ವಂಶವಾಹಿಗಳು, ಅಂದರೆ ಜೀನ್‌ಗಳು. ತಾಯಿ ಹಾಲು ಕುಡಿದಳೋ ಇಲ್ಲವೋ ಎಂಬುದರಿಂದ ಒಂದು ಮೊಗ್ಗು ಮಾಯವಾಗುವುದಿಲ್ಲ, ಗ್ರಹಣದಿಂದಂತೂ ಅಲ್ಲವೇ ಅಲ್ಲ. (ತೀರಾ ಎಳೆಯ ವಯಸ್ಸಿನಲ್ಲಿ ಕ್ಯಾನ್ಸರಿಗೆ ಔಷಧವೋ ವಿಕಿರಣವೋ ಕೊಡಬೇಕಾಗಿ ಬಂದ ಮಕ್ಕಳಲ್ಲಿ, ದವಡೆಗೆ ದೊಡ್ಡ ಏಟು ಬಿದ್ದವರಲ್ಲಿ ಹಲ್ಲು ಹುಟ್ಟದಿರುವುದುಂಟು. ಅದು ಬೇರೆ ಮಾತು.)

ಇದನ್ನು ಮೊದಲು ಖಚಿತವಾಗಿ ತೋರಿಸಿದ್ದು 1996ರಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು. ಒಂದು ಕುಟುಂಬದಲ್ಲಿ ತೊಂದರೆ ಇದ್ದವರೆಲ್ಲರಿಗೂ ಎರಡನೇ ಕಿರುದವಡೆ ಹಲ್ಲುಗಳು ಮತ್ತು ಬುದ್ಧಿಹಲ್ಲುಗಳು ಇರಲಿಲ್ಲ. ಅವರ ನಾಲ್ಕನೇ ವರ್ಣತಂತುವಿನಲ್ಲಿ ಎಂಎಸ್‌ಎಕ್ಸ್1 ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. 2000ದಲ್ಲಿ ಇನ್ನೊಂದು ಅಮೆರಿಕನ್ ಕುಟುಂಬದಲ್ಲಿ ಪಿಎಎಕ್ಸ್9 ಎಂಬ ಜೀನ್ ಸಿಕ್ಕಿತು, ಅದು ಕೆಟ್ಟರೆ ಮುಖ್ಯವಾಗಿ ಹಿಂದಿನ ದವಡೆಹಲ್ಲುಗಳೇ ಕಾಣೆ. 2012ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಡಬ್ಲ್ಯುಎನ್‌ಟಿ10ಎ ಎಂಬುದನ್ನು ಹುಡುಕಿ ನೋಡಿದಾಗ, ಅವರು ಪರೀಕ್ಷಿಸಿದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಅದೇ ಕೆಟ್ಟಿತ್ತು. ಈ ಹೆಸರುಗಳನ್ನು ನೆನಪಿಡಬೇಕಾಗಿಲ್ಲ. ನಮಗೂ ಪ್ರತಿಸಲ ಚೀಟಿ ನೋಡಿಯೇ ಹೇಳಬೇಕಾಗುತ್ತದೆ.

ಪ್ರತಿಯೊಂದು ಜೀನಿನಲ್ಲೂ ನಮಗೆ ಎರಡು ಪ್ರತಿ ಇರುತ್ತದೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಎಂಎಸ್‌ಎಕ್ಸ್1, ಪಿಎಎಕ್ಸ್9ರಂಥವುಗಳಲ್ಲಿ ಒಂದು ಪ್ರತಿ ಕೆಟ್ಟರೂ ಸಾಕು. ಹಾಗಾಗಿ ಅಂಥ ತಂದೆಯ ಅಥವಾ ತಾಯಿಯ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಆದರೆ ಬಂದರೂ ಎಲ್ಲರಲ್ಲಿ ಒಂದೇ ರೀತಿ ಕಾಣುವುದಿಲ್ಲ. ಒಬ್ಬರಿಗೆ ಹಲ್ಲೇ ಇಲ್ಲ, ಒಬ್ಬರಿಗೆ ಅಕ್ಕಿಕಾಳು, ಒಬ್ಬರಿಗೆ ಏನೂ ಇಲ್ಲದೆ ಮೊಮ್ಮಗುವಿಗೆ ದಾಟಿಹೋಗುತ್ತದೆ. ಒಂದೇ ಮೊಟ್ಟೆಯಿಂದ ಹುಟ್ಟಿದ ಅವಳಿಗಳಲ್ಲೂ ಕಾಣೆಯಾದ ಹಲ್ಲುಗಳ ಲೆಕ್ಕ ಬೇರೆಯಾಗಿರಬಹುದಂತೆ. 'ನಮ್ಮಲ್ಲಿ ಇಲ್ಲ' ಎಂದು ಯಾರೇ ಹೇಳಲಿ, ಎಕ್ಸ್‌ರೇ ತೆಗೆಸದೆ ಆ ಮಾತಿಗೆ ಬೆಲೆಯಿಲ್ಲ ಎಂಬುದು ನಮ್ಮ ಅಭಿಪ್ರಾಯ. ಹಳಬರ ವಿಷಯದಲ್ಲಂತೂ ಕೇಳುವುದೇ ಬೇಡ. ನಲವತ್ತಕ್ಕೆಲ್ಲ ಹಲ್ಲು ಕೀಳಿಸಿ ಸೆಟ್ಟು ಹಾಕಿಸಿಕೊಂಡವರ ಬಾಯಲ್ಲಿ ಯಾವುದು ಹುಟ್ಟಿತ್ತು, ಯಾವುದು ಹುಟ್ಟಿರಲಿಲ್ಲ ಎಂದು ಹೇಳುವವರಾರು?

ಇನ್ನು ಕೆಲವು ಜೀನ್‌ಗಳಲ್ಲಿ ಎರಡೂ ಪ್ರತಿ ಕೆಟ್ಟಾಗ ತೊಂದರೆ ಜಾಸ್ತಿ. ಡಬ್ಲ್ಯುಎನ್‌ಟಿ10ಎ ಹೀಗೆಯೇ. ಒಂದು ಕೆಟ್ಟರೆ ಒಂದೆರಡು ಹಲ್ಲಿಗೆ ಮುಗಿಯಬಹುದು, ಅಥವಾ ಏನೂ ಆಗದಿರಬಹುದು. ಎರಡೂ ಕೆಟ್ಟರೆ ಹಲವು ಹಲ್ಲುಗಳ ಜೊತೆ ಕೂದಲು, ಉಗುರು, ಚರ್ಮಕ್ಕೂ ತೊಂದರೆ ಹಬ್ಬಬಹುದು. ಸೋದರಮಾವನ ಮಗಳು, ಸೋದರತ್ತೆಯ ಮಗ ಎಂದು ಒಂದೇ ರಕ್ತದೊಳಗೆ ಮದುವೆ ಮಾಡುವಲ್ಲಿ ಒಂದೇ ಕೆಟ್ಟ ಪ್ರತಿ ಎರಡು ಕಡೆಯಿಂದಲೂ ಬಂದು ಸೇರುವ ಸಂಭವ ಹೆಚ್ಚುತ್ತದೆ. ನಮ್ಮ ಸಭೆಯ ಕಾನೂನಿನಲ್ಲಿ ಅಂಥ ಮದುವೆಗೆ ಅಡ್ಡಿ ಇದೆ, ವಿಶೇಷ ಅನುಮತಿ ಪಡೆಯಬೇಕು. ಅದೇನೂ ಹಲ್ಲಿಗಾಗಿ ಮಾಡಿದ ಕಾನೂನಲ್ಲ ಬಿಡಿ.

ಮಂಗಳೂರಿನ ಆ ದಂತ ಕಾಲೇಜಿನ ಕಾಯುವ ಹಾಲ್‌ನಲ್ಲಿ ಒಬ್ಬ ತಾಯಿಯ ಪರಿಚಯವಾಯಿತು. ರಾಯದುರ್ಗದ ಕಡೆಯವರು, ಕಟ್ಟಡದ ಕೆಲಸಕ್ಕೆಂದು ಮಂಗಳೂರಿಗೆ ಬಂದಿದ್ದವರು. ಅವರದ್ದೂ ನಮ್ಮಂತೆಯೇ ಗಡಿಯಾಚೆಯ ಕನ್ನಡ. ತೊಡೆಯ ಮೇಲೆ ನಾಲ್ಕು ವರ್ಷದ ಗಂಡುಮಗು, ತಲೆಯ ಮೇಲೆ ಒದ್ದೆ ಟವೆಲು. ತೆಳ್ಳಗಿನ ಬಿಳಿಚಿದ ಕೂದಲು, ಬಾಯಲ್ಲಿ ಮೊಳೆಯಂಥ ಎರಡೇ ಹಲ್ಲು. ಮಗುವಿಗೆ ಬೆವರೇ ಬರುವುದಿಲ್ಲ. ಬೇಸಿಗೆ ಬಂತೆಂದರೆ ಜ್ವರ. ಹುಟ್ಟಿದ ಮೊದಲ ವರ್ಷದಲ್ಲಿ ಎಷ್ಟು ಸಲ ಆಸ್ಪತ್ರೆ ಸೇರಿತ್ತೋ ಲೆಕ್ಕವಿಲ್ಲ. ಜ್ವರಕ್ಕೆ ಮದ್ದು ಕೊಡುತ್ತಾ ಹೋದರೇ ಹೊರತು ಬೆವರಿನ ಕಡೆ ಯಾರೂ ನೋಡಿರಲಿಲ್ಲ. ಹಲ್ಲು ಬರಲಿಲ್ಲವೆಂದು ಬಂದಾಗಲೇ ರೋಗದ ಹೆಸರು ಗೊತ್ತಾದದ್ದು. ಆ ತಾಯಿಯ ಅಣ್ಣನೊಬ್ಬ ಚಿಕ್ಕವನಿದ್ದಾಗಲೇ ಬೇಸಿಗೆಯ ಜ್ವರದಲ್ಲಿ ತೀರಿಕೊಂಡಿದ್ದನಂತೆ, ಅವನಿಗೂ ಹಲ್ಲಿರಲಿಲ್ಲವಂತೆ. ಗಂಡನ ಮನೆಯಲ್ಲಿ ಆಕೆಗೆ ಶನಿ ಎಂಬ ಹೆಸರು ಬಿದ್ದಿತ್ತು.

ಈ ರೋಗದ ಕಥೆ ನಮ್ಮ ಉಪಖಂಡದ್ದೇ. ಚಾರ್ಲ್ಸ್ ಡಾರ್ವಿನ್ 1875ರಲ್ಲಿ, ಸಾಕುಪ್ರಾಣಿ ಮತ್ತು ಬೆಳೆಗಳಲ್ಲಿ ಕಾಣುವ ವ್ಯತ್ಯಾಸಗಳ ಕುರಿತ ತಮ್ಮ ಪುಸ್ತಕದ ಎರಡನೇ ಆವೃತ್ತಿಯಲ್ಲಿ, ಸಿಂಧ್ ಪ್ರಾಂತದ ಒಂದು ಹಿಂದೂ ಕುಟುಂಬದ ವಿಷಯ ಬರೆದಿದ್ದಾರೆ. ವೆಡ್ಡರ್‌ಬರ್ನ್ ಎಂಬವರು ಅವರಿಗೆ ತಿಳಿಸಿದ್ದು. ನಾಲ್ಕು ತಲೆಮಾರುಗಳಲ್ಲಿ ಹತ್ತು ಗಂಡಸರಿಗೆ ಎರಡೂ ದವಡೆ ಸೇರಿ ಮುಂದೆ ನಾಲ್ಕು ಸಣ್ಣ ಹಲ್ಲು, ಹಿಂದೆ ಎಂಟು ದವಡೆಹಲ್ಲು ಅಷ್ಟೆ. ಮೈಮೇಲೆ ಕೂದಲು ಕಡಿಮೆ, ಬೇಗನೆ ಬೋಳುತಲೆ, ಬೇಸಿಗೆಯಲ್ಲಿ ಚರ್ಮ ಒಣಗಿ ಸಂಕಟ. ಹೆಣ್ಣುಮಕ್ಕಳಿಗೆ ಈ ತೊಂದರೆ ಇಲ್ಲ, ಆದರೆ ಅವರ ಗಂಡುಮಕ್ಕಳಿಗೆ ಬರುತ್ತದೆ. ತಂದೆಯಿಂದ ಮಗನಿಗೆ ಮಾತ್ರ ಎಂದೂ ಬಂದಿಲ್ಲ. ಡಾರ್ವಿನ್ ಇದನ್ನು ಸರಿಯಾಗಿ ಗಮನಿಸಿ ಬರೆದರು, ಕಾರಣ ಹೇಳುವಷ್ಟು ವಿಜ್ಞಾನ ಆಗ ಇರಲಿಲ್ಲ. ಸಿಂಧ್‌ನ ಹೈದರಾಬಾದಿನಲ್ಲಿ ಇಂಥವರನ್ನು 'ಭೂಡಾ' ಎನ್ನುತ್ತಿದ್ದರೆಂದು ಥಡಾನಿ ಎಂಬ ವಿಜ್ಞಾನಿ 1921ರಲ್ಲಿಯೂ 1934ರಲ್ಲಿಯೂ ಬರೆದರು. ಜೀನ್ ಸಿಕ್ಕಿದ್ದು 1996ರಲ್ಲಿ, ಅದರ ಹೆಸರು ಇಡಿಎ. ಅದು ಎಕ್ಸ್ ವರ್ಣತಂತುವಿನ ಮೇಲಿದೆ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಒಂದೆರಡು ಹಲ್ಲು ಕಡಿಮೆ, ಮೈಯ ಕೆಲವು ಕಡೆ ಬೆವರು ಕಡಿಮೆ, ಅಷ್ಟರಲ್ಲಿ ಮುಗಿಯಬಹುದು. ಗಂಡಿಗೆ ಇರುವುದು ಒಂದೇ ಎಕ್ಸ್, ಅದು ತಾಯಿಯಿಂದಲೇ ಬರುವುದು. ತಂದೆ ಮಗನಿಗೆ ಕೊಡುವುದು ವೈ.

ಹಾಗಾದರೆ ತಾಯಿಯದ್ದೇ ತಪ್ಪು ಎಂದಾಯಿತಲ್ಲ ಎಂದು ಕೇಳುವವರು ಇದ್ದಾರೆ. ನಮ್ಮನ್ನೂ ಕೇಳಿದ್ದಾರೆ. ತನಗೆ ಗೊತ್ತಿಲ್ಲದೆ, ತನ್ನ ತಾಯಿಯಿಂದಲೋ ತಂದೆಯಿಂದಲೋ ಬಂದದ್ದು ಅರಿವಿಗೆ ಬಾರದೆ ದಾಟಿಹೋದರೆ ಅದನ್ನು ತಪ್ಪೆಂದು ಕರೆಯಲು ನಮಗೆ ಮನಸ್ಸು ಬರುವುದಿಲ್ಲ. ಕೆಲವೊಮ್ಮೆ ಆ ಬದಲಾವಣೆ ಹಿಂದೆ ಯಾರಲ್ಲೂ ಇಲ್ಲದೆ ಹೊಸದಾಗಿಯೇ ಹುಟ್ಟುವುದೂ ಉಂಟು.

ಓದುಗರು ಮುಖ್ಯವಾಗಿ ಗಮನಿಸಬೇಕಾದದ್ದು ಇಷ್ಟು. ಎಳೆಗೂಸಿಗೆ ಸೆಕೆ ಬಂದಾಗಲೆಲ್ಲ ಜ್ವರ ಏರುತ್ತಿದ್ದರೆ, ಮೈ ಬೆವರದಿದ್ದರೆ, ಕೂದಲು ತೀರಾ ವಿರಳವಾಗಿದ್ದು ಒಂದೂವರೆ ವರ್ಷವಾದರೂ ಹಲ್ಲಿನ ಸುಳಿವಿಲ್ಲದಿದ್ದರೆ, ಇವೆಲ್ಲವನ್ನೂ ಒಟ್ಟಿಗೆ ಮಕ್ಕಳ ವೈದ್ಯರಿಗೆ ಹೇಳಬೇಕು. ಮೈ ತಂಪಾಗಿಡುವುದು, ಒದ್ದೆಬಟ್ಟೆ, ನೀರು, ಫ್ಯಾನು, ಇಷ್ಟರಿಂದಲೇ ಇಂಥ ಮಗುವಿನ ಜೀವ ಉಳಿಯುತ್ತದೆ. ಜರ್ಮನಿಯ ಎರ್ಲಾಂಗನ್ ನಗರದಲ್ಲಿ ಹೋಲ್ಮ್ ಶ್ನೈಡರ್ ಎಂಬ ವೈದ್ಯರು ಮತ್ತು ಸಂಗಡಿಗರು ಈ ರೋಗವಿದ್ದ ಗಂಡುಮಕ್ಕಳಿಗೆ ತಾಯಿಯ ಗರ್ಭದಲ್ಲಿದ್ದಾಗಲೇ ಕೊರತೆಯಿದ್ದ ಪ್ರೋಟೀನನ್ನು ಗರ್ಭಜಲದೊಳಕ್ಕೆ ಚುಚ್ಚಿದರು. ಅವರಲ್ಲಿ ಇಬ್ಬರು ಅವಳಿಗಳು. ಹುಟ್ಟಿದ ಮೂವರೂ ಸರಿಯಾಗಿ ಬೆವರುತ್ತಿದ್ದಾರೆಂದು 2018ರಲ್ಲಿ ವರದಿಯಾಯಿತು. ಇದು ಇನ್ನೂ ಪ್ರಯೋಗದ ಹಂತದ ಚಿಕಿತ್ಸೆ. ರಾಯದುರ್ಗದ ಆ ಮಗುವಿಗೆ ಸಿಕ್ಕಿದ್ದು ಪುಟ್ಟದೊಂದು ಹಲ್ಲಿನ ಸೆಟ್ಟು. ಮುಂದಿನ ಸಲ ಸಿಕ್ಕಾಗ ಅದನ್ನು ಹಾಕಿಕೊಂಡು ಬಿಸ್ಕತ್ತು ಕಡಿಯುತ್ತಿತ್ತು.

ಇನ್ನೊಂದು ಸಂಗತಿಯನ್ನು ಹೆದರಿಸಲಿಕ್ಕಲ್ಲ, ತಿಳಿದಿರಲೆಂದು ಹೇಳುತ್ತೇವೆ. 2004ರಲ್ಲಿ ಫಿನ್‌ಲ್ಯಾಂಡಿನ ಒಂದು ಕುಟುಂಬದ ವರದಿ ಬಂತು. ಅದರಲ್ಲಿ 11 ಮಂದಿಗೆ ಕನಿಷ್ಠ ಎಂಟು ಶಾಶ್ವತ ಹಲ್ಲುಗಳು ಇರಲಿಲ್ಲ. ಹಲ್ಲಿಲ್ಲದವರಲ್ಲಿ ಎಂಟು ಮಂದಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಥವಾ ಅದಕ್ಕೆ ಮುಂಚಿನ ಗಂಟುಗಳು ಕಂಡುಬಂದವು. ಎಎಕ್ಸ್‌ಐಎನ್2 ಎಂಬ ಜೀನ್ ಕೆಟ್ಟದ್ದೇ ಕಾರಣ. ಇದು ಬಹಳ ವಿರಳ. ಒಂದೆರಡು ಹಲ್ಲು ಬಾರದವರು ಇದಕ್ಕಾಗಿ ನಿದ್ದೆಗೆಡಬೇಕಾಗಿಲ್ಲ. ಆದರೆ ಅನೇಕ ಹಲ್ಲುಗಳು ಇಲ್ಲದ ಮನೆತನದಲ್ಲಿ ಕರುಳಿನ ಕ್ಯಾನ್ಸರೂ ಇದ್ದರೆ ಎರಡನ್ನೂ ಕೂಡಿಸಿ ವೈದ್ಯರಿಗೆ ಹೇಳುವುದು ಒಳ್ಳೆಯದು.

ನಮ್ಮ ಮಗಳ ವಿಷಯಕ್ಕೆ ಬಂದರೆ, ಜೀನ್ ಪರೀಕ್ಷೆ ಮಾಡಿಸಿಲ್ಲ. ಎರಡು ಹಲ್ಲಿಗೆ ಅದು ಬೇಡವೆಂದು ವೈದ್ಯರೇ ಹೇಳಿದರು. ದಾರಿ ಎರಡಿದ್ದವು. ಕೋರೆಹಲ್ಲುಗಳನ್ನು ಕಂಬಿ ಹಾಕಿ ಮುಂದಕ್ಕೆ ಎಳೆದು, ತುದಿ ಉಜ್ಜಿ ಬಾಚಿಹಲ್ಲಿನಂತೆ ಮಾಡುವುದು ಒಂದು. ಜಾಗ ಬಿಡಿಸಿಟ್ಟು ಕೃತಕ ಹಲ್ಲು ಕೂರಿಸುವುದು ಇನ್ನೊಂದು. ತನ್ನ ಕೋರೆಹಲ್ಲು ಉಜ್ಜುವುದು ಬೇಡವೆಂದು ಮಗಳೇ ಹೇಳಿದ್ದರಿಂದ ಎರಡನೆಯದನ್ನು ಆರಿಸಿಕೊಂಡೆವು. ಕಂಬಿಯ ಕೆಲಸ ಮುಗಿದಿದೆ. ಮೂಳೆಗೆ ತಿರುಪು ಹಾಕಿ ಕೂರಿಸುವ ಇಂಪ್ಲಾಂಟನ್ನು ದವಡೆ ಬೆಳೆಯುತ್ತಿರುವಾಗ ಹಾಕಿಸಬಾರದು. ಅಕ್ಕಪಕ್ಕದ ಹಲ್ಲುಗಳು ದವಡೆಯೊಂದಿಗೆ ಕೆಳಗಿಳಿಯುತ್ತವೆ, ಅದು ಮಾತ್ರ ನೆಟ್ಟ ಗೂಟದಂತೆ ಅಲ್ಲೇ ನಿಂತು ಗಿಡ್ಡವಾಗಿ ಕಾಣುತ್ತದೆ. ಹದಿನಾಲ್ಕಕ್ಕೇ ಹಾಕಿಕೊಡುತ್ತೇವೆಂದ ಚಿಕಿತ್ಸಾಲಯವೊಂದಿತ್ತು. ಅಲ್ಲಿಂದ ಎದ್ದು ಬಂದೆವು. ಈಗ ಎರಡು ಹಲ್ಲು ಜೋಡಿಸಿದ ತೆಳು ತಟ್ಟೆಯನ್ನು ಹಾಕಿಕೊಳ್ಳುತ್ತಾಳೆ. ಅಪ್ಪನ ಹಾಲುಹಲ್ಲು ಅಲ್ಲಾಡದಿರುವುದರಿಂದ ಅದನ್ನು ಮುಟ್ಟುವುದು ಬೇಡವೆಂದಾಗಿದೆ.

ಜಪಾನಿನ ಕ್ಯೋಟೋದಲ್ಲಿ ಕತ್ಸು ತಕಹಾಶಿ ಮತ್ತು ಜೊತೆಗಾರರು ಹಲ್ಲು ಬೆಳೆಯುವುದನ್ನು ತಡೆಯುವ ಯುಎಸ್‌ಎಜಿ1 ಎಂಬ ಪ್ರೋಟೀನನ್ನು ಅಡಗಿಸುವ ಔಷಧ ಹುಡುಕಿದ್ದಾರೆ. ಹಲ್ಲಿಲ್ಲದ ಇಲಿಗಳಲ್ಲಿ ಅದು ಹಲ್ಲು ಹುಟ್ಟಿಸಿತೆಂದು 2021ರಲ್ಲಿ ಪ್ರಕಟವಾಯಿತು. ಮನುಷ್ಯರಲ್ಲಿ ಸುರಕ್ಷಿತವೇ ಎಂದು ನೋಡುವ ಮೊದಲ ಪ್ರಯೋಗ 2024ರಲ್ಲಿ ಆರಂಭವಾಯಿತು. ಮಗಳು ಈ ಸುದ್ದಿಯನ್ನು ಓದಿ, ಇಲಿಗೆ ಹಲ್ಲು ಎಸೆದು ಹೊಸ ಹಲ್ಲು ಕೇಳುವ ಮಕ್ಕಳ ಮಾತು ಸುಳ್ಳಲ್ಲವೆಂದು ನಕ್ಕಳು.

ಅವಳ ತಮ್ಮನಿಗೆ ಈಗ ಏಳು ವರ್ಷ. ಏಳೆಂಟರ ವಯಸ್ಸಿನಲ್ಲಿ ಒಂದು ಓಪಿಜಿ ತೆಗೆಸಿದರೆ ಬಾಚಿಹಲ್ಲು, ಕಿರುದವಡೆ ಹಲ್ಲುಗಳ ಮೊಗ್ಗು ಇದೆಯೋ ಇಲ್ಲವೋ ಬಹುತೇಕ ಗೊತ್ತಾಗುತ್ತದೆ. ಇಲ್ಲದಿದ್ದರೆ ಹಾಲುಹಲ್ಲನ್ನು ಹುಳುಕಾಗದಂತೆ ಕಾಪಾಡಿ ಉಳಿಸಿಕೊಳ್ಳಬಹುದು. ಓಣಂ ರಜೆಯಲ್ಲಿ ಅವನನ್ನು ಮಂಗಳೂರಿಗೆ ಕರೆದೊಯ್ಯಬೇಕೆಂದಿದ್ದೇವೆ. ಸೋದರತ್ತೆಯೂ ತನ್ನ ಇಬ್ಬರು ಮಕ್ಕಳನ್ನು ಕರೆದುಕೊಂಡು ಅದೇ ದಿನ ಬರುತ್ತೇನೆಂದು ಫೋನ್ ಮಾಡಿದ್ದಾಳೆ.